ಒತ್ತುವ ಕೈ, ತುಂಬುವ ಕೈ

ಹೋಟೆಲಿನ ಕೈ ತೊಳೆಯುವ ಜಾಗ, ಆಸ್ಪತ್ರೆಯ ಶೌಚಾಲಯ, ಕಲ್ಯಾಣ ಮಂಟಪದ ಊಟದ ಹಾಲಿನ ಹಿಂಬದಿ, ಕಾಲೇಜು, ಕಚೇರಿ, ಎಲ್ಲಿ ಹೋದರೂ ಗೋಡೆಗೆ ಕೂರಿಸಿದ ದ್ರವ ಸೋಪಿನ ಡಬ್ಬಿಯ ಮೇಲಿನ ದೂರುಗಳು ಒಂದೇ ಬಗೆಯವು. ಒತ್ತಿದರೆ ಬರುವುದಿಲ್ಲ. ಒತ್ತದಿದ್ದರೂ ತೊಟ್ಟಿಕ್ಕಿ ಕೆಳಗಿನ ಕಲ್ಲನ್ನು ಜಾರುವಂತೆ ಮಾಡಿರುತ್ತದೆ. ಬಂದರೂ ಬಣ್ಣದ ನೀರು ಬಂದು ಬೆರಳಸಂದಿಯಲ್ಲಿ ಇಳಿದುಹೋಗುತ್ತದೆ, ನೊರೆ ಏಳುವುದಿಲ್ಲ. ಇದಕ್ಕೆ ಜನ ಎರಡು ಕಾರಣ ಕೊಡುತ್ತಾರೆ: ಮಾಲು ಅಗ್ಗದ್ದು, ಇಲ್ಲವೇ ಕೆಲಸದವರಿಗೆ ನಿಗಾ ಇಲ್ಲ. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಡಬ್ಬಿ ಬಿಚ್ಚಿ ಒಳಗೆ ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ, ಉಳಿದೆರಡಕ್ಕೂ ಬುಡ ಅದೇ. ಈ ಯಂತ್ರವನ್ನು ರೂಪಿಸಿದವರು ಅದನ್ನು ಒತ್ತುವ ಕೈಯ ಬಗ್ಗೆ ಬಹಳ ಯೋಚಿಸಿದ್ದಾರೆ. ಅದನ್ನು ತುಂಬುವ ಕೈಯ ಬಗ್ಗೆ ಯೋಚಿಸಿದ್ದು ತೀರ ಕಡಿಮೆ. ದಿನಕ್ಕೆ ನೂರಾರು ಜನ ಕ್ಷಣಮಾತ್ರ ಮುಟ್ಟುವ ಯಂತ್ರವನ್ನು ಒಬ್ಬರು ಅಥವಾ ಇಬ್ಬರು ತೆರೆದು, ಸುರಿದು, ಮುಚ್ಚಿ, ಒರೆಸಿ ನಡೆಸುತ್ತಾರೆ. ಅದು ಸರಿಯಾಗಿ ಕೆಲಸ ಮಾಡುವುದೂ ಕೆಡುವುದೂ ಅವರ ಆ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಯಂತ್ರದಿಂದಲೇ ಶುರುಮಾಡೋಣ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಡಬ್ಬಿಗೆ ಎಬಿಎಸ್ ಪ್ಲಾಸ್ಟಿಕ್ಕಿನ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕವಚ, ಒಳಗೆ ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಯುವ ಪಾತ್ರೆ, ಮಟ್ಟ ನೋಡಲು ಮುಂದೊಂದು ಪಾರದರ್ಶಕ ಕಿಟಕಿ, ಕೀಲಿ ಹಾಕಿ ತೆರೆಯುವ ಮುಚ್ಚಳ, ಕೆಳಗೆ ಪಂಪು. ಪಂಪು ಹೆಬ್ಬೆರಳ ಗಾತ್ರದ್ದು. ಒಂದು ಸಣ್ಣ ಕೊಳವೆ, ಅದರೊಳಗೆ ಜಾರುವ ಪಿಸ್ಟನ್, ಪಿಸ್ಟನ್ನನ್ನು ಮರಳಿ ತಳ್ಳುವ ಸ್ಪ್ರಿಂಗ್, ಒಳಬಾಯಿಗೊಂದು ಹೊರಬಾಯಿಗೊಂದು ಏಕಮುಖ ಕವಾಟ. ಗುಂಡಿ ಒತ್ತಿದಾಗ ಪಿಸ್ಟನ್ ಮುಂದೆ ಹೋಗಿ ಕೊಳವೆಯೊಳಗಿನ ಒತ್ತಡ ಏರುತ್ತದೆ, ಮೇಲಿನ ಕವಾಟ ಮುಚ್ಚುತ್ತದೆ, ಕೆಳಗಿನದು ತೆರೆದು ಸೋಪು ಹೊರಬೀಳುತ್ತದೆ. ಕೈ ತೆಗೆದ ಕೂಡಲೇ ಸ್ಪ್ರಿಂಗ್ ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ, ಒಳಗೆ ಒತ್ತಡ ಕುಸಿಯುತ್ತದೆ, ಕೆಳಗಿನ ಕವಾಟ ಮುಚ್ಚಿ ಮೇಲಿನದು ತೆರೆದು ಪಾತ್ರೆಯ ಸೋಪು ಕೊಳವೆಗೆ ಇಳಿಯುತ್ತದೆ. ಒಂದು ಸಲಕ್ಕೆ ಎಷ್ಟು ಬೀಳಬೇಕೆಂಬುದು ಪಿಸ್ಟನ್ನಿನ ಅಗಲ ಮತ್ತು ಓಟದ ಲೆಕ್ಕ: 12 ಮಿಲಿಮೀಟರ್ ಅಗಲದ ಪಿಸ್ಟನ್ 10 ಮಿಲಿಮೀಟರ್ ಓಡಿದರೆ ಸುಮಾರು 1.1 ಮಿಲಿಲೀಟರ್, ಅಂದರೆ ಒಂದು ಕೈತೊಳೆತಕ್ಕೆ ಸಾಕಾಗುವಷ್ಟು. ಕೆಲವು ಡಬ್ಬಿಗಳಲ್ಲಿ ಪಿಸ್ಟನ್ ಬದಲು ಸಿಲಿಕೋನ್ ಬುಗ್ಗೆಯನ್ನು ಹಿಂಡುವ ಏರ್ಪಾಡಿರುತ್ತದೆ, ಆದರೂ ತತ್ವ ಅದೇ. ಈ ಪುಟ್ಟ ಪಂಪಿನ ಬೆಲೆ ಬಲ್ಲವರು ಬಲ್ಲರು. 1980ರಲ್ಲಿ ಅಮೆರಿಕದ ಮಿನೆಟೊಂಕಾ ಎಂಬ ಕಂಪನಿ ‘ಸಾಫ್ಟ್‌ಸೋಪ್’ ಎಂಬ ದ್ರವ ಸೋಪನ್ನು ಮಾರುಕಟ್ಟೆಗೆ ತಂದಾಗ, ದೊಡ್ಡ ಕಂಪನಿಗಳು ತಕ್ಷಣ ನಕಲು ಮಾಡದಂತೆ ತಡೆಯಲು ಪಂಪು ತಯಾರಕರಿಂದ 10 ಕೋಟಿ ಪಂಪುಗಳನ್ನು ಮುಂಗಡವಾಗಿ ಕಾಯ್ದಿರಿಸಿಕೊಂಡಿತ್ತು. ಸೋಪನ್ನು ಯಾರು ಬೇಕಾದರೂ ಕುದಿಸಬಹುದಿತ್ತು, ಪಂಪು ಸಿಗದಂತೆ ನೋಡಿಕೊಂಡರೆ ಸಾಕಿತ್ತು.

ಒತ್ತುವ ಕೈಗೆ ಎಷ್ಟು ಗಮನ ಸಿಕ್ಕಿದೆ ಎಂಬುದಕ್ಕೆ ಅಮೆರಿಕದ ಅಂಗವಿಕಲರ ಹಕ್ಕುಗಳ ಕಾನೂನಿನಡಿ 2010ರಲ್ಲಿ ಬಂದ ವಿನ್ಯಾಸ ಮಾನದಂಡಗಳೇ ಸಾಕ್ಷಿ. ಇಂಥ ಉಪಕರಣ ಒಂದೇ ಕೈಯಲ್ಲಿ ನಡೆಯಬೇಕು; ಬಿಗಿಯಾಗಿ ಹಿಡಿಯುವ, ಚಿವುಟುವ, ಮಣಿಕಟ್ಟು ತಿರುಚುವ ಅಗತ್ಯ ಬೀಳಬಾರದು; 22.2 ನ್ಯೂಟನ್‌ಗಿಂತ, ಅಂದರೆ ಸುಮಾರು ಎರಡೂಕಾಲು ಕಿಲೋ ತೂಕದ ಒತ್ತಡಕ್ಕಿಂತ ಹೆಚ್ಚು ಬಲ ಬೇಡಬಾರದು. ಅತ್ಯಂತ ನ್ಯಾಯವಾದ ನಿಯಮ, ನಮ್ಮಲ್ಲೂ ಪ್ರತಿ ಡಬ್ಬಿಗೂ ಇದು ಅನ್ವಯವಾಗಬೇಕು. ಇದನ್ನೇ ತುಂಬುವವರ ಕಡೆಯಿಂದ ಕೇಳಿ ನೋಡಿ. ಮುಚ್ಚಳ ಒದ್ದೆ ಕೈಯಲ್ಲಿ ತೆರೆಯುತ್ತದೆಯೇ? ಕೀಲಿ ಕಳೆದರೆ ಏನು ಗತಿ? ಐದು ಲೀಟರಿನ ಕ್ಯಾನನ್ನು ಭುಜದೆತ್ತರಕ್ಕೆ ಎತ್ತಿ ಎರಡು ಬೆರಳಗಲದ ಬಾಯಿಗೆ ಚೆಲ್ಲದಂತೆ ಸುರಿಯಲು ಆಗುತ್ತದೆಯೇ? ಪಾತ್ರೆಯ ತಳಕ್ಕೆ ಬ್ರಷ್ ಮುಟ್ಟುತ್ತದೆಯೇ? ಹಲವು ಡಬ್ಬಿಗಳಲ್ಲಿ ಪಾತ್ರೆ ಹಿಂದಿನ ಫಲಕಕ್ಕೆ ಅಂಟಿಕೊಂಡೇ ಇರುತ್ತದೆ. ಅದನ್ನು ತೊಳೆಯಬೇಕೆಂದರೆ ಗೋಡೆಯ ಸ್ಕ್ರೂ ಬಿಚ್ಚಬೇಕು. ಹೌಸ್‌ಕೀಪಿಂಗ್ ಕೆಲಸದವರ ಕೈಗೆ ಯಾರೂ ಸ್ಕ್ರೂಡ್ರೈವರ್ ಕೊಟ್ಟಿರುವುದಿಲ್ಲ.

ಇನ್ನು ತೊಟ್ಟಿಕ್ಕುವ ವಿಷಯ. ಪಾತ್ರೆಯಲ್ಲಿ ಹದಿನೈದು ಸೆಂಟಿಮೀಟರ್ ಎತ್ತರ ಸೋಪಿದ್ದರೆ ಕೆಳಗಿನ ಕವಾಟದ ಮೇಲೆ ಬೀಳುವ ಒತ್ತಡ ಸುಮಾರು 1.5 ಕಿಲೋಪ್ಯಾಸ್ಕಲ್, ವಾತಾವರಣದ ಒತ್ತಡದ ನೂರರಲ್ಲಿ ಒಂದೂವರೆ ಪಾಲು. ಇಷ್ಟು ಅಲ್ಪ ಒತ್ತಡಕ್ಕೆ ತೆರೆಯದೆ, ಬೆರಳಿನ ಒತ್ತಡಕ್ಕೆ ಮಾತ್ರ ತೆರೆಯುವಂಥ ಕವಾಟ ಮಾಡುವುದು ಕಷ್ಟವೇನಲ್ಲ. ಆದರೆ ಯಾವ ಕವಾಟವೂ ಪೂರ್ತಿ ಬಿಗಿಯಲ್ಲ. ರಬ್ಬರಿನ ತುಟಿಯಲ್ಲಿ ಕೂದಲೆಳೆಗಿಂತ ಸಣ್ಣ ಸಂದಿಗಳು ಉಳಿದೇ ಉಳಿಯುತ್ತವೆ. ಆ ಸಂದಿಯಲ್ಲಿ ಸೋಪು ಹರಿಯದೆ ನಿಲ್ಲುವುದು ಬಹುಮಟ್ಟಿಗೆ ತನ್ನ ದಪ್ಪದಿಂದಲೇ. ನೀರಿನ ಸ್ನಿಗ್ಧತೆ 1 ಮಿಲಿಪ್ಯಾಸ್ಕಲ್-ಸೆಕೆಂಡ್ ಆದರೆ, ಸಾಮಾನ್ಯ ಹ್ಯಾಂಡ್‌ವಾಶಿನದು ಕೆಲವು ಸಾವಿರ. ಸಣ್ಣ ಸಂದಿಯಲ್ಲಿ ಹರಿವು ಸ್ನಿಗ್ಧತೆಗೆ ವಿಲೋಮ. ಅದೇ ಕವಾಟ, ಅದೇ ಎತ್ತರ, ಸೋಪಿನ ಸ್ನಿಗ್ಧತೆ ಮಾತ್ರ ನೂರನೇ ಒಂದು ಪಾಲಿಗೆ ಇಳಿಯಿತೆಂದರೆ ಸೋರಿಕೆ ನೂರು ಪಟ್ಟಾಗುತ್ತದೆ. ಅಂದರೆ ಕವಾಟ ತನ್ನ ಕೆಲಸದ ಅರ್ಧವನ್ನು ಸೋಪಿಗೇ ವಹಿಸಿದೆ. ಅಗ್ಗದ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು.

ಇಲ್ಲಿ ನೀರು ಬೆರೆಸುವ ಪ್ರಶ್ನೆ ಬರುತ್ತದೆ. ಡಬ್ಬಿ ಅರ್ಧ ಖಾಲಿಯಾದಾಗ ನೀರು ಸೇರಿಸಿ ಕುಲುಕುವುದು ನಮ್ಮಲ್ಲಿ ಎಲ್ಲ ಕಡೆ ನಡೆಯುವ ಸಂಗತಿ. ಅರ್ಧ ನೀರು ಹಾಕಿದರೆ ದಪ್ಪವೂ ಅರ್ಧಕ್ಕೆ ಇಳಿಯುತ್ತದೆ ಎಂದು ಅಂದುಕೊಳ್ಳುವುದು ಸಹಜ. ಹಾಗಾಗುವುದಿಲ್ಲ. ಇಂದಿನ ಹ್ಯಾಂಡ್‌ವಾಶ್‌ಗಳಲ್ಲಿ ಹೆಚ್ಚಿನವು ಹಳೆಯ ಅರ್ಥದ ಸೋಪಲ್ಲ, ಸೋಡಿಯಂ ಲಾರೆತ್ ಸಲ್ಫೇಟಿನಂಥ ಮಾರ್ಜಕದ ದ್ರಾವಣ. ಅದಕ್ಕೆ ದಪ್ಪ ಕೊಡುವುದು ಅಡುಗೆ ಉಪ್ಪು. ತಕ್ಕ ಪ್ರಮಾಣದಲ್ಲಿ ಉಪ್ಪು ಸೇರಿದಾಗ ಮಾರ್ಜಕದ ಅಣುಗಳು ಉದ್ದನೆಯ ಎಳೆಗಳಾಗಿ ಕೂಡಿಕೊಂಡು ಒಂದಕ್ಕೊಂದು ತೊಡರಿಕೊಳ್ಳುತ್ತವೆ, ದ್ರಾವಣ ಲೋಳೆಯಾಗುತ್ತದೆ. ನೀರು ಸುರಿದರೆ ಮಾರ್ಜಕವೂ ಉಪ್ಪೂ ಒಟ್ಟಿಗೆ ತೆಳುವಾಗುತ್ತವೆ, ಎಳೆಗಳು ಚಿಕ್ಕದಾಗಿ ಬಿಡಿಬಿಡಿಯಾಗುತ್ತವೆ, ದಪ್ಪ ಕುಸಿದುಬಿಡುತ್ತದೆ. ಉಳಿಯುವುದು ಹೆಚ್ಚುಕಡಿಮೆ ನೀರಿನಷ್ಟೇ ತೆಳುವಾದ ದ್ರವ. ಸೋಪು ಉಳಿಸಲು ಹಾಕಿದ ನೀರು ಕವಾಟದ ಸಂದಿಯಿಂದ ಸೋಪನ್ನು ರಾತ್ರಿಯಿಡೀ ಹೊರಗೆ ಹರಿಸುತ್ತದೆ. ಬೆಳಿಗ್ಗೆ ಡಬ್ಬಿ ಖಾಲಿ, ಮತ್ತೆ ನೀರು. ಉಳಿತಾಯ ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ.

ಸೋರಿಕೆ ಕಣ್ಣಿಗೆ ಕಾಣುವ ಕೇಡು. ಕಾಣದ ಕೇಡು ಇದಕ್ಕಿಂತ ದೊಡ್ಡದು. ಹ್ಯಾಂಡ್‌ವಾಶಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯದಂತೆ ಸಂರಕ್ಷಕ ರಾಸಾಯನಿಕವನ್ನು ಅಳತೆ ಮಾಡಿ ಹಾಕಿರುತ್ತಾರೆ. ನೀರು ಸೇರಿದರೆ ಆ ಅಳತೆ ತಪ್ಪುತ್ತದೆ. ಅದರ ಮೇಲೆ, ಹಳೆಯ ಸೋಪು ಮುಗಿಯುವ ಮೊದಲೇ ಹೊಸದನ್ನು ಸುರಿಯುತ್ತ ಹೋದರೆ ತಳದ ಸೋಪು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಬ್ಯಾಕ್ಟೀರಿಯಾಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಲೋಳೆಪದರ ಕಟ್ಟುತ್ತವೆ, ಪದರದೊಳಗಿರುವವನ್ನು ಸಂರಕ್ಷಕವೂ ಸುಲಭಕ್ಕೆ ಮುಟ್ಟದು. ‘ಅಪ್ಲೈಡ್ ಅಂಡ್ ಎನ್ವಿರಾನ್‌ಮೆಂಟಲ್ ಮೈಕ್ರೋಬಯಾಲಜಿ’ ಪತ್ರಿಕೆಯಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಪ್ರಾಥಮಿಕ ಶಾಲೆಯ ಇಂಥ ಮರುತುಂಬುವ ಡಬ್ಬಿಗಳನ್ನು ಪರೀಕ್ಷಿಸಿತು. ಅಲ್ಲಿನ 14 ಡಬ್ಬಿಗಳೂ ಕಲುಷಿತವಾಗಿದ್ದವು. ಆ ಸೋಪಿನಲ್ಲಿ ಕೈ ತೊಳೆದ ಮಕ್ಕಳ ಮತ್ತು ಸಿಬ್ಬಂದಿಯ ಕೈಯಲ್ಲಿ ಗ್ರಾಮ್-ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾ ತೊಳೆಯುವ ಮೊದಲಿಗಿಂತ 26 ಪಟ್ಟು ಹೆಚ್ಚಾಗಿತ್ತು. ಮೊಹರು ಹಾಕಿದ ಚೀಲದ ಸೋಪು ಬಳಸಿದವರಲ್ಲಿ ಅದು ಅರ್ಧಕ್ಕೆ ಇಳಿದಿತ್ತು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಕಲುಷಿತ ಡಬ್ಬಿಗಳನ್ನು ಬಿಸಿನೀರಿನಿಂದ, ಬ್ಲೀಚಿನಿಂದ ಶುಚಿಮಾಡಿ ಹೊಸ ಸೋಪು ತುಂಬಿದರೂ ಎರಡು ವಾರದೊಳಗೆ ಬ್ಯಾಕ್ಟೀರಿಯಾ ಮರಳಿ ಬೆಳೆದಿದ್ದವು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2002ರ ಮಾರ್ಗಸೂಚಿಯಲ್ಲೂ, ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೂ ಆಸ್ಪತ್ರೆಗಳಿಗೆ ಸ್ಪಷ್ಟವಾಗಿ ಹೇಳಿವೆ: ಅರ್ಧ ಖಾಲಿಯಾದ ಡಬ್ಬಿಗೆ ಸೋಪು ಸುರಿಯಬೇಡಿ. ಆರೋಗ್ಯವಂತರ ಚರ್ಮಕ್ಕೆ ಈ ಬ್ಯಾಕ್ಟೀರಿಯಾಗಳಿಂದ ದೊಡ್ಡ ಅಪಾಯವಿಲ್ಲದಿರಬಹುದು. ಗಾಯಾಳುಗಳ, ಹಸುಗೂಸುಗಳ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಹಾಸಿಗೆಯ ಪಕ್ಕದ ಬೇಸಿನ್ನಿಗೆ ಆ ಮಾತು ಸಲ್ಲದು.

ಈ ಸಾಕ್ಷ್ಯದ ಮೇಲೆ ಒಂದು ನ್ಯಾಯವಾದ ಆಕ್ಷೇಪವಿದೆ. 2011ರ ಅಧ್ಯಯನದ ಲೇಖಕರಲ್ಲಿ ಕೆಲವರು ಗೋಜೊ ಎಂಬ ಕಂಪನಿಯ ಉದ್ಯೋಗಿಗಳು, ಆ ಕಂಪನಿ ಮಾರುವುದು ಮೊಹರಿನ ಚೀಲದ ಡಬ್ಬಿಗಳನ್ನೇ. ತನ್ನ ಮಾಲು ಒಳ್ಳೆಯದೆಂದು ಹೇಳಿಕೊಳ್ಳುವ ಅಧ್ಯಯನವನ್ನು ನಂಬುವುದು ಹೇಗೆ? ನನ್ನ ಮಟ್ಟಿಗೆ, ಅದರ ಪರಿಹಾರವನ್ನು ಅನುಮಾನದಿಂದಲೇ ನೋಡಬೇಕು. ಅದು ತೋರಿಸಿದ ಕೇಡನ್ನು ಮಾತ್ರ ತಳ್ಳಿಹಾಕಲು ಬರುವುದಿಲ್ಲ. ಸಿಡಿಸಿಯ ಎಚ್ಚರಿಕೆ ಆ ಅಧ್ಯಯನಕ್ಕಿಂತ ಒಂಬತ್ತು ವರ್ಷ ಮೊದಲೇ ಬಂದಿತ್ತು. ಲೋಳೆಪದರ ಕಟ್ಟುವ ಬ್ಯಾಕ್ಟೀರಿಯಾದ ನಡವಳಿಕೆ ಯಾವ ಕಂಪನಿಯ ಆಸ್ತಿಯೂ ಅಲ್ಲ. ಅದೇ ಕಂಪನಿಯ ಇತಿಹಾಸ ನನ್ನ ವಾದಕ್ಕೂ ನೆರವಾಗುತ್ತದೆ. ಗೋಲ್ಡಿ ಮತ್ತು ಜೆರ್ರಿ ಲಿಪ್‌ಮನ್ ದಂಪತಿ 1946ರಲ್ಲಿ ಒಹಾಯೊದ ಏಕ್ರನ್‌ನಲ್ಲಿ ಅದನ್ನು ಶುರುಮಾಡಿದ್ದು ರಬ್ಬರ್ ಕಾರ್ಖಾನೆಯ ಕೆಲಸಗಾರರ ಕೈಯ ಮಸಿ ತೊಳೆಯುವ ಲೇಪನದಿಂದ. ಆಗ ಕೆಲಸಗಾರರು ಸೀಮೆಎಣ್ಣೆ, ಬೆಂಜೀನ್‌ಗಳಲ್ಲಿ ಕೈ ತೊಳೆಯುತ್ತಿದ್ದರು. ಲೇಪನ ಗ್ಯಾರೇಜುಗಳಿಗೆ ಹೋದಾಗ ಮಾಲೀಕರಿಂದ ಬಂದ ದೂರು ಒಂದೇ, ಕೆಲಸದವರು ಬೇಕಾದ್ದಕ್ಕಿಂತ ಹೆಚ್ಚು ಬಳಸುತ್ತಾರೆ. ಅದಕ್ಕೆ ಉತ್ತರವಾಗಿ ಲಿಪ್‌ಮನ್ ಅಳತೆಗೆ ತಕ್ಕಷ್ಟೇ ಕೊಡುವ ಗೋಡೆ ಡಬ್ಬಿ ರೂಪಿಸಿ 1952ರಲ್ಲಿ ಪೇಟೆಂಟ್ ಪಡೆದರು. ಅಳೆದು ಕೊಡುವ ಈ ಡಬ್ಬಿ ಹುಟ್ಟಿದ್ದು ಮಾಲೀಕನ ಖರ್ಚಿನ ಚಿಂತೆಯಿಂದ. ಇವತ್ತಿಗೂ ಅದರ ಗುಣವನ್ನು ‘ಒಂದು ಒತ್ತಿಗೆ ಎಷ್ಟು ಮಿಲಿಲೀಟರ್’ ಎಂಬ ಒಂದೇ ಅಳತೆಗೋಲಿನಿಂದ ಅಳೆಯುವ ರೂಢಿ ಉಳಿದುಬಂದಿದೆ.

ಇಷ್ಟೆಲ್ಲ ಆದ ಮೇಲೂ, ನೀರು ಬೆರೆಸಿದ್ದು ಮನುಷ್ಯರಲ್ಲವೇ, ಯಂತ್ರವನ್ನು ಯಾಕೆ ದೂರಬೇಕು ಎಂದು ಕೇಳಬಹುದು. ಕೆಲಸದವರಿಗೆ ತರಬೇತಿ ಕೊಡಿ, ಮೇಲ್ವಿಚಾರಣೆ ಬಿಗಿಮಾಡಿ, ಸಾಕು ಎನ್ನುವವರಿದ್ದಾರೆ. ತರಬೇತಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ನೀರು ಬೆರೆಸುವವರು ಅದನ್ನು ಉಡಾಫೆಯಿಂದ ಮಾಡುವುದಿಲ್ಲ. ತಿಂಗಳಿಗೆ ಇಂತಿಷ್ಟೇ ಕ್ಯಾನು ಎಂದು ಗುತ್ತಿಗೆದಾರ ಕೊಟ್ಟಿರುತ್ತಾನೆ, ಡಬ್ಬಿ ಖಾಲಿಯಿದ್ದರೆ ಬೈಗುಳ ತಪ್ಪುವುದಿಲ್ಲ, ದಪ್ಪ ಸೋಪು ಕವಾಟದ ತುದಿಯಲ್ಲಿ ಒಣಗಿ ಕಟ್ಟಿಕೊಂಡಾಗ ಬಿಡಿಸಲು ಅವರಿಗೆ ಗೊತ್ತಿರುವ, ಕೈಗೆಟಕುವ ಉಪಾಯ ನೀರೊಂದೇ. ಅಂದರೆ ನೀರು ಬೆರೆಸುವುದು ಹಲವು ಸಲ ಡಬ್ಬಿ ಕಟ್ಟಿಕೊಂಡದ್ದಕ್ಕೆ ಮಾಡುವ ರಿಪೇರಿ. ಮೂತಿಯ ತುದಿಯಲ್ಲಿ ಉಳಿದ ಹನಿಯನ್ನು ಪಿಸ್ಟನ್ ಮರಳುವಾಗ ಒಳಕ್ಕೆ ಹೀರಿಕೊಳ್ಳುವಂತೆ ಪಂಪನ್ನು ರೂಪಿಸಿದ್ದರೆ ತುದಿ ಕಟ್ಟಿಕೊಳ್ಳುವುದು ಕಡಿಮೆಯಾಗುತ್ತಿತ್ತು, ಆ ರಿಪೇರಿಯ ಅಗತ್ಯವೂ ತಗ್ಗುತ್ತಿತ್ತು. ಒಂದೇ ತಪ್ಪು ಸಾವಿರ ಕಡೆ, ಸಾವಿರ ಜನರಿಂದ ಒಂದೇ ರೀತಿ ಆಗುತ್ತಿದ್ದರೆ ಆ ತಪ್ಪಿಗೆ ವಿನ್ಯಾಸದಲ್ಲಿ ಆಹ್ವಾನವಿದೆ ಎಂದು ತಿಳಿಯಬೇಕು.

ಸೆನ್ಸರ್ ಡಬ್ಬಿಯನ್ನು ಇದಕ್ಕೆಲ್ಲ ಮದ್ದೆಂದು ತೋರಿಸುವವರು ಹೆಚ್ಚುತ್ತಿದ್ದಾರೆ. ಅತಿಗೆಂಪು ಕಿರಣ ಕೈಗೆ ಬಡಿದು ಮರಳಿದಾಗ ಪುಟ್ಟ ಮೋಟರು ತಿರುಗಿ ಸೋಪು ಬೀಳುತ್ತದೆ, ಗುಂಡಿ ಮುಟ್ಟಬೇಕಿಲ್ಲ. ಮುಟ್ಟದಿರುವುದರ ಲಾಭ ಇಲ್ಲಿ ಹೇಳುವಷ್ಟಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸೋಪಿನ ಗುಂಡಿ ಮುಟ್ಟುವ ಕೈ ಮರುಕ್ಷಣವೇ ತೊಳೆದುಕೊಳ್ಳುತ್ತದೆ. ಕೊಳೆಯ ಕೈಯಲ್ಲಿ ತಿರುಗಿಸಿ, ತೊಳೆದ ಮೇಲೆ ಮತ್ತೆ ಅದನ್ನೇ ಮುಟ್ಟಿ ನಿಲ್ಲಿಸುವುದು ನಲ್ಲಿಯನ್ನು. ಹಣವಿದ್ದರೆ ಸೆನ್ಸರನ್ನು ಅಲ್ಲಿಗೆ ಹಾಕಲಿ. ಅತಿಗೆಂಪು ಕಿರಣದ ಸೆನ್ಸರನ್ನು ಯಾವ ಚರ್ಮಕ್ಕೆ ಹೊಂದಿಸಿದ್ದಾರೆ ಎಂಬ ಪ್ರಶ್ನೆಯೂ ಇದೆ. 2017ರಲ್ಲಿ ಬಿಳಿಯ ಕೈಗೆ ಸೋಪು ಕೊಟ್ಟ ಯಂತ್ರವೊಂದು ಕಪ್ಪು ಕೈಗೆ ಕೊಡದೆ, ಅದೇ ಕೈ ಬಿಳಿ ಕಾಗದ ಹಿಡಿದಾಗ ಕೊಟ್ಟ ವಿಡಿಯೊ ಲೋಕವೆಲ್ಲ ಹರಿದಾಡಿತ್ತು. ನಮ್ಮ ನಾಡಿನ ಕೈಗಳ ಬಣ್ಣದ ಹರವನ್ನು ಎಣಿಸಿದರೆ ಇದು ಸಣ್ಣ ಮಾತಲ್ಲ. ಇದಕ್ಕಿಂತ ಮುಖ್ಯವಾಗಿ, ಸೆನ್ಸರ್ ಬಂದರೂ ಪಾತ್ರೆ ಹಳೆಯದೇ, ಬಾಯಿ ಹಳೆಯದೇ, ನೀರು ಬೆರೆಸುವ ಅವಕಾಶ ಹಳೆಯದೇ. ಬ್ಯಾಟರಿ ಬದಲಿಸುವ ಕೆಲಸ ಮಾತ್ರ ಹೊಸದು, ಅದೂ ತುಂಬುವ ಕೈಯ ಮೇಲೆಯೇ ಬಿತ್ತು. ನೊರೆಯ ಡಬ್ಬಿಯ ಕಥೆಯೂ ಹೆಚ್ಚು ಬೇರೆಯಲ್ಲ. ಒಂದು ಪಾಲು ಸೋಪಿಗೆ ಹತ್ತು ಪಾಲಿನಷ್ಟು ಗಾಳಿ ಬೆರೆಸಿ ಸಣ್ಣ ಜಾಲರಿಯ ಮೂಲಕ ಹಾಯಿಸುವ ಅದರ ಪಂಪಿಗೆ ತೆಳು ಸೋಪೇ ಬೇಕು, ಯಾರೋ ಮಾಮೂಲಿ ದಪ್ಪ ಸೋಪು ಸುರಿದ ದಿನ ಜಾಲರಿ ಕಟ್ಟಿ ನಿಲ್ಲುತ್ತದೆ.

ಮೊಹರಿನ ಚೀಲ ಯಂತ್ರದ ದೃಷ್ಟಿಯಿಂದ ನಿಜಕ್ಕೂ ಅಂದವಾದ ಉತ್ತರ. ಸೋಪು ಖಾಲಿಯಾದಂತೆ ಚೀಲ ಕುಗ್ಗುವುದರಿಂದ ಒಳಗೆ ಗಾಳಿ ಹೋಗಬೇಕಿಲ್ಲ. ಗಾಳಿಯೊಡನೆ ಬರುವ ಧೂಳು, ಜೀವಿಗಳಿಗೆ ದಾರಿಯಿಲ್ಲ. ಮೂತಿಯೂ ಕವಾಟವೂ ಚೀಲದ ಜೊತೆಗೇ ಬಂದು ಚೀಲದ ಜೊತೆಗೇ ಹೋಗುತ್ತವೆ. ಆದರೆ ಅದಕ್ಕೆ ತೆರುವ ಬೆಲೆ ಮೂರು ಬಗೆಯದು: ಸೋಪಿನ ಖರ್ಚು ಏರುತ್ತದೆ, ಪ್ರತಿ ಸಲವೂ ಪ್ಲಾಸ್ಟಿಕ್ ಕಸ ಉಳಿಯುತ್ತದೆ, ಒಬ್ಬರ ಚೀಲ ಇನ್ನೊಬ್ಬರ ಡಬ್ಬಿಗೆ ಕೂರದಂತೆ ಮಾಡಿರುವುದರಿಂದ ಕೊಂಡವರು ಒಂದೇ ಕಂಪನಿಗೆ ಕಟ್ಟುಬೀಳುತ್ತಾರೆ. ತೀವ್ರ ನಿಗಾ ಘಟಕಕ್ಕೆ, ಶಸ್ತ್ರಚಿಕಿತ್ಸೆಯ ಕೋಣೆಗೆ ಈ ಬೆಲೆ ತೆರಲೇಬೇಕು. ತಾಲ್ಲೂಕು ಬಸ್ ನಿಲ್ದಾಣಕ್ಕೆ ತೆರಲಾಗದು, ತೆತ್ತರೂ ಎರಡನೇ ತಿಂಗಳಿಗೆ ಚೀಲ ಬರುವುದು ನಿಂತು, ಯಾರೋ ಹಳೆಯ ಚೀಲಕ್ಕೇ ತೂತು ಮಾಡಿ ನೀರು ಸೋಪು ಸುರಿಯುತ್ತಾರೆ. ಹಾಗಿದ್ದರೆ ಡಬ್ಬಿಯೇ ಯಾಕೆ, ಬಿಲ್ಲೆ ಸೋಪು ಸಾಲದೇ ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ. ಬಿಲ್ಲೆಯಿಂದ ಒಬ್ಬರ ಕೊಳೆ ಇನ್ನೊಬ್ಬರಿಗೆ ಹತ್ತುತ್ತದೆಂಬ ಭಯಕ್ಕೆ ಆಧಾರ ತೀರ ತೆಳು. 1988ರ ಪ್ರಯೋಗವೊಂದರಲ್ಲಿ, ಬಳಸಿದ ಸೋಪಿನ ಮೇಲೆ ಸಾಮಾನ್ಯವಾಗಿ ಕಾಣುವುದಕ್ಕಿಂತ 70 ಪಟ್ಟು ಹೆಚ್ಚು ಬ್ಯಾಕ್ಟೀರಿಯಾವನ್ನು ಬಿಲ್ಲೆಗಳ ಮೇಲೆ ಬೇಕೆಂದೇ ಹಚ್ಚಿ ಕೈ ತೊಳೆಸಿದರೂ, ತೊಳೆದ ಕೈಗಳಲ್ಲಿ ಅವು ಪತ್ತೆಯಾಗಲಿಲ್ಲ. ಬಿಸಿಯೂಟಕ್ಕೆ ಮುಂಚೆ ಸಾಲಾಗಿ ಕೈ ತೊಳೆಯುವ ಮಕ್ಕಳಿಗೆ ನೆಟ್ ಚೀಲದಲ್ಲಿ ನೇತುಹಾಕಿದ ಬಿಲ್ಲೆ ಸೋಪು ಕೆಟ್ಟ ಡಬ್ಬಿಗಿಂತ ಎಷ್ಟೋ ಮೇಲು. ನೀರು ಸೋರಿ ಒಣಗುವಂತಿರಬೇಕು, ಅಷ್ಟೇ. ಜನಜಂಗುಳಿಯ ಜಾಗದಲ್ಲಿ ಬಿಲ್ಲೆ ಕಾಣೆಯಾಗುತ್ತದೆ, ಕೆಳಗೆ ಬೀಳುತ್ತದೆ, ಕರಗಿಹೋಗುತ್ತದೆ ಎಂಬುದೂ ನಿಜ. ಹಾಗಾಗಿ ಡಬ್ಬಿ ಇರುತ್ತದೆ. ಇರುವುದಾದರೆ ಸರಿಯಾಗಿರಬೇಕು.

ಸರಿಯಾದ ಡಬ್ಬಿಗೆ ಹೊಸ ಆವಿಷ್ಕಾರವೇನೂ ಬೇಡ. ಅಡುಗೆ ಅನಿಲದ ಸಿಲಿಂಡರನ್ನು ಯಾರೂ ಮನೆಯಲ್ಲಿ ತುಂಬುವುದಿಲ್ಲ, ಖಾಲಿಯದನ್ನು ಕೊಟ್ಟು ತುಂಬಿದ್ದನ್ನು ಕೂರಿಸುತ್ತಾರೆ. ಸೋಪಿಗೂ ಅದೇ ಏರ್ಪಾಡು ಸಾಕು. ಒಂದು ಡಬ್ಬಿಗೆ ಎರಡು ಪಾತ್ರೆ. ಒಂದು ಗೋಡೆಯಲ್ಲಿದ್ದಾಗ ಇನ್ನೊಂದು ತೊಳೆದು ಬೋರಲು ಹಾಕಿ ಒಣಗುತ್ತಿರುತ್ತದೆ. ಪಾತ್ರೆಯ ಬಾಯಿ ಕೈ ಇಳಿಯುವಷ್ಟು ಅಗಲವಿರಬೇಕು. ಅದು ಡಬ್ಬಿಯೊಳಗೆ ಕುಳಿತಾಗ ಬಾಯಿ ಮುಚ್ಚಿಯೇ ಇರಬೇಕು, ಹೊರಗೆ ತೆಗೆಯದೆ ಮೇಲಿನಿಂದ ಸುರಿಯಲು ದಾರಿ ಸಿಗಬಾರದು. ತಳ ಚಪ್ಪಟೆಯಾಗಿರದೆ ಮೂತಿಯ ಕಡೆ ಇಳಿಜಾರಾಗಿದ್ದರೆ ಕೊನೆಯ ನಾಲ್ಕು ಚಮಚ ಸೋಪು ಮೂಲೆಯಲ್ಲಿ ಕೊಳೆಯುವುದಿಲ್ಲ. ಪಂಪು ಸ್ಕ್ರೂ ಇಲ್ಲದೆ ಕಾಲು ಸುತ್ತಿಗೆ ಬಿಚ್ಚಬೇಕು, ಸ್ಪ್ರಿಂಗ್ ಸೋಪಿನ ದಾರಿಯಿಂದ ಹೊರಗಿರಬೇಕು. ಸೋಪಿನ ಉಪ್ಪಿನಲ್ಲಿರುವ ಕ್ಲೋರೈಡ್ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸಣ್ಣ ಗುಳಿ ಕೊರೆಯಬಲ್ಲದು. ತುಕ್ಕು ಹಿಡಿದ ಸ್ಪ್ರಿಂಗ್ ಮರಳದಿದ್ದರೆ ಕವಾಟ ಅರೆತೆರೆದೇ ನಿಲ್ಲುತ್ತದೆ. ಗುಂಡಿ ಗೋಡೆಯ ಕಡೆಗೆ ಒತ್ತುವಂತಿದ್ದರೆ ಒತ್ತಡ ಗೋಡೆಗೆ ಹೋಗುತ್ತದೆ, ಕೆಳಕ್ಕೆ ಒತ್ತುವಂತಿದ್ದರೆ ಪ್ರತಿ ಸಲವೂ ಸ್ಕ್ರೂಗಳನ್ನು ಕೀಳುತ್ತದೆ. ಮೂತಿ ಬೇಸಿನ್ನಿನ ಮೇಲೆಯೇ ಬರುವಂತೆ ಕೂರಿಸಿದರೆ ಬಿದ್ದ ಹನಿ ನೆಲಕ್ಕೆ ಹೋಗಿ ಯಾರನ್ನೂ ಬೀಳಿಸುವುದಿಲ್ಲ.

ಎರಡು ಪಾತ್ರೆಯೆಂದರೆ ಖರ್ಚು ಹೆಚ್ಚೆಂಬ ಮಾತು ಬರುತ್ತದೆ. ಪಾತ್ರೆ ಡಬ್ಬಿಯ ಅತ್ಯಂತ ಸರಳ ಭಾಗ, ಅಚ್ಚಿನಿಂದ ಒಂದೇ ಏಟಿಗೆ ಬರುವ ಪ್ಲಾಸ್ಟಿಕ್. ಕವಚ, ಬೀಗ, ಪಂಪುಗಳಷ್ಟು ಅದಕ್ಕೆ ಬೀಳುವುದಿಲ್ಲ. ಅದರ ಎದುರು ರಾತ್ರಿಯಿಡೀ ಸೋರಿಹೋಗುವ ಸೋಪನ್ನು ಲೆಕ್ಕಕ್ಕೆ ಹಿಡಿಯಿರಿ. ನಿಜವಾದ ಅಡ್ಡಿ ಇರುವುದು ಕೊಳ್ಳುವ ಕ್ರಮದಲ್ಲಿ. ಟೆಂಡರ್ ಹಾಳೆಯಲ್ಲಿ ಸಾಮಾನ್ಯವಾಗಿ ಎಷ್ಟು ಮಿಲಿಲೀಟರ್, ಯಾವ ಬಣ್ಣ, ಪ್ಲಾಸ್ಟಿಕ್ಕೋ ಸ್ಟೀಲೋ, ಎಷ್ಟು ವಾರಂಟಿ ಎಂಬಷ್ಟೇ ಇರುತ್ತದೆ, ಆಮೇಲೆ ಕಡಿಮೆ ಬೆಲೆ ಹೇಳಿದವರಿಗೆ ಹೋಗುತ್ತದೆ. ಆ ಹಾಳೆಗೆ ಇನ್ನು ಕೆಲವು ಸಾಲು ಸೇರಿಸುವುದು ಆಸ್ಪತ್ರೆಯ, ಹಾಸ್ಟೆಲಿನ, ನಗರಸಭೆಯ ಅಧಿಕಾರಿಗಳ ಕೈಯಲ್ಲೇ ಇದೆ: ಪಾತ್ರೆ ಉಪಕರಣವಿಲ್ಲದೆ ಹೊರಬರಬೇಕು, ಡಬ್ಬಿಗೆ ಎರಡು ಪಾತ್ರೆ ಕೊಡಬೇಕು, ನೀರು ತುಂಬಿಟ್ಟರೂ ಒಂದು ರಾತ್ರಿ ಒಂದು ಹನಿ ಸೋರಬಾರದು, ಪಂಪು ಬಿಡಿಯಾಗಿ ಐದು ವರ್ಷ ಸಿಗಬೇಕು, ಅದರ ಬೆಲೆಯನ್ನು ಈಗಲೇ ಬರೆದುಕೊಡಬೇಕು. ಮಾದರಿ ಡಬ್ಬಿ ಬಂದ ದಿನ ಅದನ್ನು ಮೇಜಿನ ಮೇಲಿಟ್ಟು ನೋಡುವ ಸಮಿತಿಯಲ್ಲಿ ಹೌಸ್‌ಕೀಪಿಂಗಿನವರೊಬ್ಬರು ಕೂರಬೇಕು. ಒದ್ದೆ ಗ್ಲೌಸ್ ಹಾಕಿದ ಕೈಯಲ್ಲಿ ಅವರು ಅದನ್ನು ತೆರೆದು, ಪಾತ್ರೆ ತೆಗೆದು, ತೊಳೆದು, ಮರಳಿ ಕೂರಿಸಲಿ. ಅವರಿಗೆ ಆಗಲಿಲ್ಲವೆಂದರೆ ಆ ಡಬ್ಬಿಯನ್ನು ಕೊಳ್ಳುವ ಕಾರಣವಿಲ್ಲ.